ಬಸ್ಸು ತಗ್ಗಿದರಷ್ಟೇ ಸಾಲದು

ಪ್ರಾದೇಶಿಕ ಅಭಿವೃದ್ಧಿಯ ಸರ್ಕಾರಿ ಪ್ರಕಟಣೆಗಳಲ್ಲಿ ಅಂಗವಿಕಲರ ಸಾರಿಗೆಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು: ಇಷ್ಟು ತಗ್ಗು ನೆಲದ ಬಸ್ಸುಗಳಿಗೆ ಇಷ್ಟು ಅನುದಾನ. ಬಸ್ಸು ನಿಲ್ಲುವ ಕಡೆ ಫುಟ್‌ಪಾತ್ ಎಷ್ಟು ಎತ್ತರವಿದೆ ಎಂಬ ಮಾತೇ ಅಲ್ಲಿ ಬರುವುದಿಲ್ಲ. ವೀಲ್‌ಚೇರ್‌ನವರು ಒಬ್ಬರೇ ಕೆಲಸಕ್ಕೆ ಹೋಗಿಬರಬಲ್ಲರೇ ಎಂಬುದು ತೀರ್ಮಾನವಾಗುವುದು ಆ ಅಳತೆಯಲ್ಲೇ.

ಲೆಕ್ಕ ಹಾಕಿ ನೋಡೋಣ. ಬಸ್ಸಿನ ನೆಲ ರಸ್ತೆಯಿಂದ 340 ಮಿ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಚಾಲಕ ಗುಂಡಿ ಒತ್ತಿದರೆ ಬಾಗಿಲ ಬದಿಯ ಏರ್ ಸಸ್ಪೆನ್ಷನ್‌ನಿಂದ ಗಾಳಿ ಹೊರಬಿದ್ದು ಬಸ್ಸು ಆ ಕಡೆ 70 ಮಿ.ಮೀ. ತಗ್ಗುತ್ತದೆ, ಉಳಿದದ್ದು 270. ಫುಟ್‌ಪಾತ್ 150 ಇದ್ದರೆ ಏರಬೇಕಾದ್ದು ಬರೀ 120. ಬಾಗಿಲಿನಿಂದ ಹೊರಕ್ಕೆ ಚಾಚುವ ಒಂದು ಮೀಟರ್ ಉದ್ದದ ಹಲಗೆಗೆ, ಅಂದರೆ ರ‍್ಯಾಂಪಿಗೆ ಇದು ಶೇ 12ರ ಇಳಿಜಾರು. ವಿಶ್ವಸಂಸ್ಥೆಯ 107ನೇ ವಾಹನ ನಿಯಮ 150 ಮಿ.ಮೀ. ಎತ್ತರದ ಫುಟ್‌ಪಾತ್ ಅಂಚಿಗೆ ಹಾಕಿರುವ ಮಿತಿಯೂ ಇಷ್ಟೇ. ಫುಟ್‌ಪಾತ್ ಇಲ್ಲದೆ ರ‍್ಯಾಂಪನ್ನು ರಸ್ತೆಗೇ ಇಳಿಸಿದರೆ ಶೇ 27. ನೆಲಕ್ಕೆ ಇಳಿಸುವಾಗ ಶೇ 36ರವರೆಗೂ ಅದೇ ನಿಯಮ ಬಿಡುತ್ತದೆ, ಹಾಗಾಗಿ ಕಾಗದದ ಮೇಲೆ ಬಸ್ಸು ಪಾಸು. ಕೈಯಲ್ಲಿ ಚಕ್ರ ತಿರುಗಿಸುವವರು ಮಾತ್ರ ಅದನ್ನು ಒಬ್ಬರೇ ಹತ್ತುವುದು ಕಷ್ಟ. ಮುಂದಿನ ಪುಟ್ಟ ಗಾಲಿ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚೀತು.

ಕಟ್ಟುವಾಗ 150 ಇದ್ದ ಅಂಚು ಹಾಗೇ ಉಳಿಯುವುದೂ ಇಲ್ಲ. ಹಳೆ ಡಾಂಬರು ಕೆರೆಯದೆ ಮೇಲೆ 40 ಮಿ.ಮೀ. ಪದರ ಹಾಕಿದರೆ ಅಂಚು 110 ಆಗುತ್ತದೆ, ಇನ್ನೊಂದು ಸಲ ಹಾಕಿದರೆ 70. ಇಳಿಜಾರು ಆಗಲೇ ಶೇ 20! ರಸ್ತೆಯ ದುಡ್ಡು ಒಂದು ಇಲಾಖೆಯದು, ಬಸ್ಸಿನದು ಇನ್ನೊಂದರದು ಆಗಿದ್ದರೆ ಎರಡೂ ವರದಿಗಳಲ್ಲಿ ಕೆಲಸ ಪೂರ್ಣ. ನಿಲ್ದಾಣದ ಮುಂದೆ ಹಳೆ ಪದರ ಕೆರೆದ ಮೇಲೆಯೇ ಹೊಸದು ಎಂಬ ಒಂದು ಷರತ್ತು ರಸ್ತೆ ಟೆಂಡರಿನಲ್ಲಿ ಇರಬೇಕು.

ನಿಲ್ದಾಣದ ತುದಿಯಲ್ಲಿ ಒಂದು ಕಾರು ನಿಂತಿದ್ದರೂ ಸಾಕು, 12 ಮೀಟರ್ ಉದ್ದದ ಬಸ್ಸು ಅಂಚಿಗೆ ಒತ್ತಿ ನಿಲ್ಲಲಾರದು. ಓರೆಯಾಗಿ ನಿಂತಾಗ ಒಂದು ಬಾಗಿಲು ಹತ್ತಿರ, ರ‍್ಯಾಂಪ್ ಇರುವ ಬಾಗಿಲು ದೂರ. ರ‍್ಯಾಂಪಿನ ತುದಿ ಚರಂಡಿ ಪಕ್ಕಕ್ಕೆ ಬೀಳುತ್ತದೆ, ಇಳಿದವರ ಎದುರಿಗೆ ಅಂಚು ಗೋಡೆಯಾಗುತ್ತದೆ. ಅಂಚು ಸರಿಯಿದ್ದ ಕಡೆ ಕಸದ ಡಬ್ಬವೋ ಫಲಕದ ಕಂಬವೋ ರ‍್ಯಾಂಪ್ ಬೀಳುವ ಜಾಗದಲ್ಲೇ ಇರುತ್ತದೆ. ಕುರ್ಚಿ ತಿರುಗಲು ಅಲ್ಲಿ ಸುಮಾರು 1.5 ಮೀಟರ್ ಚೌಕ ಖಾಲಿ ಬೇಕು.

ಇನ್ನು ರ‍್ಯಾಂಪ್. ಮೋಟಾರಿನದಕ್ಕಿಂತ ಕೈಯಿಂದ ಮಡಚುವುದೇ ವಾಸಿ. ಕೆಡುವ ಭಾಗಗಳು ಕಡಿಮೆ. ಆದರೂ ಅದು ಮಡಚಿ ಕೂರುವ ತಗ್ಗಿನಲ್ಲಿ ಮಣ್ಣು, ನೀರು ಕೂತು ಕೀಲು ಹಿಡಿಯುತ್ತದೆ. ರ‍್ಯಾಂಪ್ ಹೊರಗಿದ್ದಾಗ ಬಸ್ಸು ಮುಂದೆ ಹೋಗದಂತೆ ಸೆನ್ಸರ್ ಇರುತ್ತದೆ. ಅದು ಕೆಟ್ಟು ಒಮ್ಮೆ ನಡುದಾರಿಯಲ್ಲಿ ಸಿಕ್ಕಿಬಿದ್ದ ಚಾಲಕ ಮತ್ತೆ ರ‍್ಯಾಂಪ್ ತೆರೆಯಲು ಹಿಂಜರಿಯುತ್ತಾನೆ. ತೆರೆಯದ ಕೀಲು ಇನ್ನಷ್ಟು ಬಿಗಿಯುತ್ತದೆ. ಡಿಪೋದಿಂದ ಹೊರಡುವ ಮುಂಚೆ ದಿನವೂ ಬಸ್ಸು ತಗ್ಗಿಸಿ, ರ‍್ಯಾಂಪ್ ಬಿಚ್ಚಿ, ಮೇಲೆ ನಿಂತು ನೋಡಿ, ಮಡಚಬೇಕು. ಎರಡು ನಿಮಿಷದ ಕೆಲಸ.

ಮುಂದಿನ ಪ್ರಕಟಣೆ ಬಂದಾಗ ಬಸ್ಸಿನ ಸಂಖ್ಯೆ ಬದಿಗಿಟ್ಟು, ಯಾವ ಮಾರ್ಗದ ಎಷ್ಟು ನಿಲ್ದಾಣ ಸರಿಯಾಗಿವೆ, ನಿರ್ವಹಣೆಗೆ ಎಷ್ಟು ವರ್ಷದ ಹಣ ಎತ್ತಿಟ್ಟಿದ್ದಾರೆ ಎಂದು ಕೇಳಿ. ಕಾರ್ಖಾನೆ ಗೇಟಿನ ನಿಲ್ದಾಣವೊಂದೇ ಬಾಕಿ ಉಳಿದಿದ್ದರೂ ಅಲ್ಲಿನ ಕೆಲಸಗಾರನಿಗೆ ಆ ಮಾರ್ಗ ಇಲ್ಲದಂತೆಯೇ.