ಎಲ್‌ಸಿ ಕೈಗೆ ಬಂದರೆ ಹಣ ಬಂದಂತೆಯೇ?

ಪ್ರಶ್ನೆ: ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ) ಪಡೆದಿದ್ದೇನೆ. ಬ್ಯಾಡಗಿ ಮೆಣಸಿನಕಾಯಿಗೆ ಹೊರದೇಶದ ಬಯರ್ ಕೂಡ ಸಿಕ್ಕಿದ್ದಾರೆ. ಅವರು ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಬ್ಯಾಂಕಿನ ಪಾವತಿ ಭರವಸೆಪತ್ರ) ಕೊಡಲು ಒಪ್ಪಿರುವುದರಿಂದ ಹಣದ ಬಗ್ಗೆ ಚಿಂತೆಯಿಲ್ಲ. ರಫ್ತು ವ್ಯವಹಾರದ ಮೂಲಪಾಠಗಳಲ್ಲಿ ನಾನು ಕಲಿಯಬೇಕಾದದ್ದು ಇನ್ನೇನು ಉಳಿದಿದೆ?

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಬಳಿ ಬರುತ್ತಲೇ ಇರುತ್ತದೆ. ಒಮ್ಮೆ ತೀರ್ಥಹಳ್ಳಿಯ ಹಾಳೆತಟ್ಟೆ, ಒಮ್ಮೆ ಚಿಕ್ಕಮಗಳೂರಿನ ಕಾಫಿ, ಇನ್ನೊಮ್ಮೆ ಇಳಕಲ್ಲಿನ ಗ್ರಾನೈಟ್. ಸರಕು ಬದಲಾದರೂ ‘ಎಲ್‌ಸಿ ಇದೆ, ಹಣದ ಚಿಂತೆಯಿಲ್ಲ’ ಎಂಬ ವಾಕ್ಯ ಮಾತ್ರ ಬದಲಾಗುವುದಿಲ್ಲ. ನೀವು ಕಲಿಯಲು ಉಳಿದಿರುವುದು ಆ ವಾಕ್ಯ ಏಕೆ ತಪ್ಪು ಎಂಬುದನ್ನೇ.

ನೋಂದಣಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಐಇಸಿ ಈಗ ಪ್ಯಾನ್ ಸಂಖ್ಯೆಯನ್ನೇ ಆಧರಿಸಿದ್ದು, ಅದರ ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಬ್ಯಾಂಕಿನ ಎಡಿ ಕೋಡನ್ನು (ವಿದೇಶಿ ವಿನಿಮಯಕ್ಕೆ ಅಧಿಕೃತವಾದ ಬ್ಯಾಂಕಿನ ಗುರುತುಸಂಖ್ಯೆ) ಕಸ್ಟಮ್ಸ್‌ನಲ್ಲಿ ದಾಖಲಿಸಬೇಕು, ಜಿಎಸ್‌ಟಿ ಕಟ್ಟದೆ ರಫ್ತು ಮಾಡುವುದಾದರೆ ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ (ಮುಚ್ಚಳಿಕೆ ಪತ್ರ) ಸಲ್ಲಿಸಬೇಕು, ಮೆಣಸಿನಕಾಯಿಯಾದ್ದರಿಂದ ಸ್ಪೈಸಸ್ ಬೋರ್ಡಿನ ನೋಂದಣಿಯೂ ಬೇಕು. ಒಳ್ಳೆಯ ಕಸ್ಟಮ್ಸ್ ಏಜೆಂಟ್ ಇದ್ದರೆ ಇವೆಲ್ಲ ಕ್ರಮವಾಗಿ ಮುಗಿಯುವ ಕೆಲಸಗಳು. ತರಬೇತಿ ಶಿಬಿರಗಳು ಇದಕ್ಕೇ ದಿನಗಟ್ಟಲೆ ಮೀಸಲಿಟ್ಟು, ಹಣ ಕೈಸೇರುವ ಪಾಠವನ್ನು ಕೊನೆಯ ಅರ್ಧ ಗಂಟೆಗೆ ದೂಡುವುದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹೊಸಬರು ಪೆಟ್ಟು ತಿನ್ನುವುದು ಆ ಅರ್ಧ ಗಂಟೆಯ ಪಾಠದಲ್ಲಿಯೇ.

ಎಲ್‌ಸಿ ಎಂದರೆ ಬಯರ್‌ನ ಬ್ಯಾಂಕ್ ನಿಮಗೆ ಕೊಡುವ ಷರತ್ತುಬದ್ಧ ಮಾತು. ತಾನು ಹೇಳಿದ ದಾಖಲೆಗಳನ್ನು, ಹೇಳಿದ ರೀತಿಯಲ್ಲಿ, ಹೇಳಿದ ದಿನದೊಳಗೆ ಒಪ್ಪಿಸಿದರೆ ಮಾತ್ರ ಅದು ಹಣ ಕೊಡುತ್ತದೆ. ಜಗತ್ತಿನ ಬಹುತೇಕ ಎಲ್‌ಸಿಗಳು 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿಗೆ ಒಳಪಟ್ಟಿವೆ. ಬ್ಯಾಂಕ್ ವ್ಯವಹರಿಸುವುದು ದಾಖಲೆಗಳೊಂದಿಗೇ ಹೊರತು ಸರಕಿನೊಂದಿಗಲ್ಲ ಎಂದು ಅದರ 5ನೆಯ ವಿಧಿ ನೇರವಾಗಿ ಹೇಳುತ್ತದೆ. ನಿಮ್ಮ ಮೆಣಸಿನಕಾಯಿ ಎಷ್ಟು ಕೆಂಪಗಿದ್ದರೂ, ಬಯರ್ ಅದನ್ನು ಇಳಿಸಿಕೊಂಡು ಮೆಚ್ಚಿದರೂ, ಬ್ಯಾಂಕಿನ ಮೇಜಿನ ಮೇಲೆ ಆ ಸಂಗತಿಗೆ ಬೆಲೆಯಿಲ್ಲ.

ಇದು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ನಮ್ಮ ಕಡೆಯ ಸರಕಿನದೇ ಒಂದು ಹಳೆಯ ಮೊಕದ್ದಮೆಯಿದೆ. ಎಲ್‌ಸಿಯಲ್ಲಿ ‘ಕೋರಮಂಡಲ ಕಡಲೆಕಾಯಿ’ ಎಂದು ಬರೆದಿತ್ತು. ಹಡಗಿನ ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕು ಪಡೆದದ್ದಕ್ಕೆ ಸಾಗಣೆದಾರರು ಕೊಡುವ ದಾಖಲೆ) ‘ಯಂತ್ರದಿಂದ ಸುಲಿದ ಕಡಲೆಬೀಜ’ ಎಂದಿತ್ತು. ವ್ಯಾಪಾರ ಬಲ್ಲವರಿಗೆ ಎರಡೂ ಒಂದೇ ಎಂಬ ಸಾಕ್ಷ್ಯವನ್ನೂ ಒದಗಿಸಲಾಯಿತು. ಆದರೂ, ಹಣ ಕೊಡಲು ನಿರಾಕರಿಸಿದ ಲಂಡನ್ನಿನ ಬ್ಯಾಂಕಿನ ಕ್ರಮ ಸರಿಯೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಪ್ರತಿಯೊಂದು ವ್ಯಾಪಾರದ ರೂಢಿಯನ್ನು ಅರಿತಿರುವುದು ಬ್ಯಾಂಕಿನ ಕರ್ತವ್ಯವಲ್ಲ ಎಂಬುದು ಅದರ ತರ್ಕ. 1943ರ ಕಾನೂನು ವರದಿಗಳಲ್ಲಿ ಸೇರಿರುವ ಈ ತೀರ್ಪನ್ನು ಬ್ಯಾಂಕಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಈಗಿನ ನಿಯಮ ಅಷ್ಟು ಕಠಿಣವಲ್ಲ. ಸರಕಿನ ವಿವರಣೆ ಎಲ್‌ಸಿಗೆ ಕರಾರುವಾಕ್ಕಾಗಿ ಹೊಂದಬೇಕಾದದ್ದು ಇನ್‌ವಾಯ್ಸ್‌ನಲ್ಲಿ. ಉಳಿದ ದಾಖಲೆಗಳಲ್ಲಿ ಅದಕ್ಕೆ ವಿರುದ್ಧವಾಗದ ಸಾಮಾನ್ಯ ವಿವರಣೆ ಸಾಕು. ಅರ್ಥ ಕೆಡಿಸದ ಅಕ್ಷರದೋಷಕ್ಕೂ ಹಣ ನಿಲ್ಲುತ್ತದೆ ಎಂದು ಹೆದರಿಸುವವರ ಮಾತನ್ನು ನಂಬಬೇಡಿ. ಆದರೆ ಎಲ್‌ಸಿಯಲ್ಲಿ ‘ತೊಟ್ಟು ತೆಗೆದ ಬ್ಯಾಡಗಿ ಒಣಮೆಣಸಿನಕಾಯಿ’ ಎಂದಿದ್ದು ನಿಮ್ಮ ಗುಮಾಸ್ತರು ಇನ್‌ವಾಯ್ಸ್‌ನಲ್ಲಿ ‘ಒಣಮೆಣಸಿನಕಾಯಿ’ ಎಂದಷ್ಟೇ ಟೈಪ್ ಮಾಡಿದರೆ, ಬ್ಯಾಂಕಿಗೆ ನಿರಾಕರಿಸುವ ಹಕ್ಕು ಸಿಕ್ಕಿತು.

ಎಲ್‌ಸಿ ಪ್ರತಿಯನ್ನು ಕೈಯಲ್ಲಿ ಹಿಡಿದು ಓದಿ. 45ಎ ಎಂಬ ಕಲಂನಲ್ಲಿ ಸರಕಿನ ವಿವರಣೆ, 46ಎಯಲ್ಲಿ ಒಪ್ಪಿಸಬೇಕಾದ ದಾಖಲೆಗಳು, 47ಎಯಲ್ಲಿ ಹೆಚ್ಚುವರಿ ಷರತ್ತುಗಳು ಇರುತ್ತವೆ. ಅಪಾಯ ಅಡಗಿರುವುದು ಹೆಚ್ಚಾಗಿ ಕೊನೆಯ ಎರಡರಲ್ಲಿ. ‘ಬಯರ್ ಸಹಿ ಮಾಡಿದ ತಪಾಸಣಾ ಪ್ರಮಾಣಪತ್ರ’ ಎಂಬ ಒಂದು ಸಾಲು ಅಲ್ಲಿದ್ದರೆ, ಹಣ ಬಿಡುವ ಬೀಗದ ಕೈಯನ್ನು ಬಯರ್ ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ ಎಂದು ಅರ್ಥ. ಅಂಥ ಸಾಲನ್ನು ತೆಗೆಸದೆ ಒಂದು ಚೀಲವನ್ನೂ ಕಳುಹಿಸಬಾರದು. 31ಡಿ ಕಲಂನಲ್ಲಿ ಎಲ್‌ಸಿಯ ಅವಧಿ ಮುಗಿಯುವ ಸ್ಥಳ ಬಯರ್‌ನ ದೇಶವೆಂದಿದ್ದರೆ, ದಾಖಲೆಗಳು ಆ ದಿನದೊಳಗೆ ಅಲ್ಲಿಗೆ ತಲುಪಿರಬೇಕು. ಹುಬ್ಬಳ್ಳಿಯ ನಿಮ್ಮ ಬ್ಯಾಂಕಿಗೆ ಕೊಟ್ಟ ದಿನ ಲೆಕ್ಕಕ್ಕೆ ಬರುವುದಿಲ್ಲ. ಎಲ್‌ಸಿ ಬೇರೆ ಅವಧಿ ಹೇಳದಿದ್ದರೆ, ಸರಕು ಹಡಗೇರಿದ 21 ದಿನಗಳೊಳಗೆ, ಅದೂ ಎಲ್‌ಸಿಯ ಅವಧಿ ಮುಗಿಯುವ ಮೊದಲೇ, ದಾಖಲೆಗಳನ್ನು ಒಪ್ಪಿಸಬೇಕು.

ತೂಕದ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ. ಎಲ್‌ಸಿ ‘12,000 ಕಿಲೋ’ ಎಂದರೆ ಶೇ 5ರಷ್ಟು ಹೆಚ್ಚುಕಡಿಮೆಗೆ ನಿಯಮವೇ ಅವಕಾಶ ಕೊಡುತ್ತದೆ, ಆದರೆ ಕೇಳುವ ಹಣ ಎಲ್‌ಸಿಯ ಮೊತ್ತವನ್ನು ಮೀರಬಾರದು. ಅದೇ ಸರಕನ್ನು ‘480 ಚೀಲ’ ಎಂದು ಬರೆದಿದ್ದರೆ ಆ ವಿನಾಯಿತಿ ಇಲ್ಲವಾಗುತ್ತದೆ. ಲೋಡಿಂಗ್ ವೇಳೆ ಎರಡು ಚೀಲ ಹರಿದು 478 ಮಾತ್ರ ಕಂಟೇನರ್ ಸೇರಿದರೂ ಅದು ಡಿಸ್ಕ್ರೆಪೆನ್ಸಿಯೇ, ಅಂದರೆ ಎಲ್‌ಸಿಗೆ ಹೊಂದದ ದೋಷವೇ.

ದಾಖಲೆ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ 5 ಬ್ಯಾಂಕಿಂಗ್ ದಿನಗಳಿವೆ. ಆ ಅವಧಿಯೊಳಗೆ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ತಿಳಿಸದಿದ್ದರೆ ಅನಂತರ ತಕರಾರು ಎತ್ತುವ ಹಕ್ಕನ್ನು ಅದು ಕಳೆದುಕೊಳ್ಳುತ್ತದೆ. ಇದನ್ನು ತಿಳಿದ ನನ್ನ ವಿದ್ಯಾರ್ಥಿಗಳು ಬ್ಯಾಂಕಿನೊಂದಿಗೆ ಧೈರ್ಯವಾಗಿ ವಾದಿಸಿ ಗೆದ್ದಾಗ ನನಗೆ ಹೆಮ್ಮೆಯೆನಿಸಿದೆ. ಆದರೆ ತಕರಾರು ಸಕಾಲದಲ್ಲಿ ಬಂದರೆ ಪರಿಸ್ಥಿತಿ ಬೇರೆ. ಬ್ಯಾಂಕ್ ಬಯರ್‌ನ ಒಪ್ಪಿಗೆ ಕೇಳುತ್ತದೆ, ಕಂಟೇನರ್ ದೂರದ ಬಂದರಿನಲ್ಲಿ ದಿನಬಾಡಿಗೆ ಏರಿಸಿಕೊಳ್ಳುತ್ತ ನಿಂತಿರುತ್ತದೆ, ಮಾರುಕಟ್ಟೆ ದರ ಇಳಿದಿದ್ದರೆ ಬಯರ್ ಬೆಲೆ ಕಡಿತ ಕೇಳುತ್ತಾರೆ. ಆ ಹೊತ್ತಿಗೆ ನಿಮ್ಮ ಎಲ್‌ಸಿ ಬಯರ್‌ನ ಮರ್ಜಿಯನ್ನೇ ನಂಬಿದ ಸಾಮಾನ್ಯ ವಸೂಲಿ ಬಿಲ್ಲಿನಂತಾಗಿರುತ್ತದೆ.

ದಾಖಲೆಗಳು ನಿರ್ದೋಷವಾಗಿದ್ದರೂ ಮಾತು ಕೊಟ್ಟ ಬ್ಯಾಂಕ್ ಯಾವುದು, ಯಾವ ದೇಶದ್ದು ಎಂಬ ಪ್ರಶ್ನೆ ಉಳಿಯುತ್ತದೆ. 2022ರಲ್ಲಿ ಶ್ರೀಲಂಕಾ ಡಾಲರ್ ಅಭಾವದಿಂದ ವಿದೇಶಿ ಸಾಲದ ಪಾವತಿಯನ್ನೇ ಅಮಾನತುಗೊಳಿಸಿದ್ದನ್ನು ನೆನಪಿಸಿಕೊಳ್ಳಿ. ಅಂಥ ಸಂದರ್ಭಕ್ಕಾಗಿಯೇ ಕನ್ಫರ್ಮ್ಡ್ ಎಲ್‌ಸಿ ಇದೆ. ಇನ್ನೊಂದು ಬ್ಯಾಂಕ್ ತನ್ನದೂ ಹೊಣೆಯೆಂದು ಸೇರಿಕೊಳ್ಳುತ್ತದೆ. ಎಲ್‌ಸಿಯನ್ನು ನಿಮಗೆ ತಲುಪಿಸುವ ಅಡ್ವೈಸಿಂಗ್ ಬ್ಯಾಂಕ್ ಅದು ಅಸಲಿ ಎಂದಷ್ಟೇ ಹೇಳುತ್ತದೆ, ಹಣಕ್ಕೆ ಜವಾಬ್ದಾರಿಯಲ್ಲ. ಕನ್ಫರ್ಮೇಶನ್ ದುಬಾರಿಯಾದರೆ, 1957ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಇಸಿಜಿಸಿಯ ರಫ್ತು ಸಾಲ ವಿಮೆಯನ್ನು ವಿಚಾರಿಸಿ.

ಆಮದುದಾರರಲ್ಲೂ ಇದೇ ಭ್ರಮೆ ತಲೆಕೆಳಗಾಗಿ ಇದೆ. ಎಲ್‌ಸಿ ಕೊಟ್ಟಿದ್ದೇವೆ, ಆದ್ದರಿಂದ ಒಳ್ಳೆಯ ಮಾಲು ಬರುತ್ತದೆ ಎಂದುಕೊಳ್ಳುತ್ತಾರೆ. 1941ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಬಂದ ದೂರಿನ ಪ್ರಕಾರ, ಭಾರತದ ಮಾರಾಟಗಾರರೊಬ್ಬರು ಕುಂಚಕ್ಕೆ ಬಳಸುವ ಬಿರುಗೂದಲಿನ ಬದಲು ದನದ ಕೂದಲು ಮತ್ತು ಕಸವನ್ನು ಪೆಟ್ಟಿಗೆಗಳಿಗೆ ತುಂಬಿಸಿ, ಸರಿಯಾಗಿ ಕಾಣುವ ದಾಖಲೆಗಳನ್ನು ಕಳುಹಿಸಿದ್ದರು. ಇಂಥ ಉದ್ದೇಶಪೂರ್ವಕ ವಂಚನೆ ಹಣ ಕೊಡುವ ಮೊದಲೇ ಬ್ಯಾಂಕಿನ ಗಮನಕ್ಕೆ ಬಂದಿದ್ದರೆ ಪಾವತಿಯನ್ನು ತಡೆಯಬಹುದು ಎಂಬ ತತ್ವ ಆ ಪ್ರಕರಣದಿಂದ ಗಟ್ಟಿಯಾಯಿತು. ಆದರೆ ಗುಣಮಟ್ಟ ಸ್ವಲ್ಪ ಕಡಿಮೆಯೆಂಬ ದೂರಿಗೆ ಈ ತತ್ವ ನೆರವಾಗುವುದಿಲ್ಲ. ಆದ್ದರಿಂದ ಆಮದುದಾರರು ಸ್ವತಂತ್ರ ಸಂಸ್ಥೆಯ ತಪಾಸಣಾ ಪ್ರಮಾಣಪತ್ರವನ್ನು ಎಲ್‌ಸಿಯ ದಾಖಲೆಪಟ್ಟಿಯಲ್ಲೇ ಸೇರಿಸಬೇಕು.

ನೀವು ಕೇಳದಿದ್ದರೂ ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬಯರ್‌ಗೆ ಕೊಟ್ಟ ದರದ ಮುಂದೆ ‘ಎಫ್‌ಒಬಿ ಚೆನ್ನೈ’ (ಫ್ರೀ ಆನ್ ಬೋರ್ಡ್, ಅಂದರೆ ಚೆನ್ನೈನಲ್ಲಿ ಹಡಗಿಗೇರಿಸಿ ಒಪ್ಪಿಸುವ ದರ) ಎಂದು ಬರೆದಿರುತ್ತೀರಿ, ಏಕೆಂದರೆ ಎಲ್ಲರೂ ಹಾಗೆಯೇ ಬರೆಯುತ್ತಾರೆ. ನಿಮ್ಮ ಕಂಟೇನರ್ ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೊದಲ್ಲಿ ಕಸ್ಟಮ್ಸ್ ಮುಗಿಸಿ, ಸೀಲ್ ಹಾಕಿಸಿಕೊಂಡು, ರೈಲಿನಲ್ಲಿ ಚೆನ್ನೈಗೆ ಹೋಗುತ್ತದೆ ಎಂದುಕೊಳ್ಳಿ. ಎಫ್‌ಒಬಿಯಲ್ಲಿ ಸರಕು ಹಡಗಿನ ಮೇಲೇರುವವರೆಗೆ ನಷ್ಟದ ಹೊಣೆ ನಿಮ್ಮದೇ. ಅಂದರೆ ಡಿಪೊದಲ್ಲಿ, ರೈಲಿನಲ್ಲಿ, ಬಂದರಿನ ಯಾರ್ಡಿನಲ್ಲಿ, ಸರಕು ನಿಮ್ಮ ಕಣ್ಣಿಗೂ ಕೈಗೂ ನಿಲುಕದಿದ್ದಾಗಲೂ ಹೊಣೆ ಮಾತ್ರ ನಿಮ್ಮ ಹೆಗಲ ಮೇಲಿರುತ್ತದೆ. ಕಂಟೇನರ್ ಸರಕಿಗೆ ಹೊಂದುವ ನಿಬಂಧನೆ ಎಫ್‌ಸಿಎ (ಫ್ರೀ ಕ್ಯಾರಿಯರ್). ‘ಎಫ್‌ಸಿಎ ವೈಟ್‌ಫೀಲ್ಡ್ ಡಿಪೊ’ ಎಂದು ಬರೆದರೆ, ಅಲ್ಲಿ ಬಯರ್ ಗೊತ್ತುಮಾಡಿದ ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ದಾಟುತ್ತದೆ.

ಹಾಗಿದ್ದರೂ ಎಲ್ಲರೂ ಎಫ್‌ಒಬಿಗೇ ಅಂಟಿಕೊಳ್ಳಲು ಕಾರಣ ಮತ್ತೆ ಎಲ್‌ಸಿಯೇ. ಬ್ಯಾಂಕುಗಳು ಸರಕು ಹಡಗೇರಿದೆಯೆಂಬ ದಿನಾಂಕಸಹಿತ ನಮೂದು ಇರುವ ಬಿಲ್ ಆಫ್ ಲೇಡಿಂಗ್ ಕೇಳುತ್ತವೆ, ಡಿಪೊದಲ್ಲಿ ಒಪ್ಪಿಸಿದಾಗ ಸಿಗುವ ಕಾಗದದಲ್ಲಿ ಆ ನಮೂದು ಇರುವುದಿಲ್ಲ. 2020ರ ಜನವರಿ 1ರಿಂದ ಬಂದ ಇನ್‌ಕೋಟರ್ಮ್ಸ್ 2020 (ಇಂಥ ನಿಬಂಧನೆಗಳ ಅಂತರರಾಷ್ಟ್ರೀಯ ನಿಯಮಾವಳಿ) ಇದಕ್ಕೆ ದಾರಿ ತೋರಿಸಿದೆ: ಎಫ್‌ಸಿಎ ಒಪ್ಪಂದದಲ್ಲಿ ಇಬ್ಬರೂ ಒಪ್ಪಿದರೆ, ಸರಕು ಹಡಗೇರಿದ ಮೇಲೆ ಆ ನಮೂದಿರುವ ಬಿಲ್ಲನ್ನು ನಿಮಗೆ ಕೊಡುವಂತೆ ಬಯರ್ ತನ್ನ ಸಾಗಣೆದಾರರಿಗೆ ಸೂಚಿಸಬೇಕು. ಇದು ತಾನಾಗಿ ಆಗುವುದಿಲ್ಲ, ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಇಲ್ಲವಾದರೆ, ಬೆಂಗಳೂರಿನಲ್ಲಿ ಸರಕು ಸ್ವೀಕರಿಸಿದ್ದನ್ನು ತೋರಿಸುವ ಬಹುಮಾದರಿ (ರೈಲು, ಹಡಗು ಎರಡನ್ನೂ ಒಳಗೊಂಡ) ಸಾಗಣೆ ದಾಖಲೆಯೇ ಸಾಕೆಂದು ಎಲ್‌ಸಿಯಲ್ಲಿ ಹಾಕಿಸಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಎಲ್‌ಸಿ ತೆರೆಯುವ ಮೊದಲೇ ಅದರ ಕರಡನ್ನು ಬಯರ್‌ನಿಂದ ತರಿಸಿಕೊಂಡು, ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಸಾಲು ಸಾಲಾಗಿ ಓದಿಸಿ. ತೆರೆದ ಮೇಲೆ ತಿದ್ದುಪಡಿಗೆ ಆ ಕಡೆಯ ಬ್ಯಾಂಕಿನ ಒಪ್ಪಿಗೆ ಬೇಕು, ಶುಲ್ಕ ಬೇಕು, ಮತ್ತು ಸರಕು ಹಡಗೇರಬೇಕಾದ ಕೊನೆಯ ದಿನಾಂಕ ಅಷ್ಟರಲ್ಲಿ ಹತ್ತಿರವಾಗುತ್ತಿರುತ್ತದೆ.