ಇದನ್ನು ಹೇಳಿದ್ದು ಯಾರು? ಹ್ಯೂಮ್ ಮತ್ತು ದೇವರ ಮಾತು

ಡಿಗ್ರಿ ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಕೆಂಪು ಪೆನ್ನಿನಲ್ಲಿ ನಾನು ಜಾಸ್ತಿ ಬರೆಯುವ ಮಾತು ಒಂದೇ: ‘ಇದನ್ನು ಹೇಳಿದ್ದು ಯಾರು?’ ತತ್ವಜ್ಞಾನಿ ಡೇವಿಡ್ ಹ್ಯೂಮ್ ಬಗ್ಗೆ ಪ್ರಶ್ನೆ ಬಂದರೆ ಮುಕ್ಕಾಲು ಪಾಲು ಉತ್ತರಗಳು ‘ದೇವರಿಲ್ಲ ಎಂದು ಹ್ಯೂಮ್ ಸಾಧಿಸಿದ’ ಅಂತಲೇ ಶುರುವಾಗುತ್ತವೆ. ಕೆಳಗೆ ಬರೆದ ವಾದಗಳಲ್ಲಿ ತಪ್ಪಿಲ್ಲ. ಆದರೆ ಅವು ಹ್ಯೂಮ್ ತನ್ನ ಹೆಸರಿನಲ್ಲಿ ಆಡಿದ ಮಾತುಗಳಲ್ಲ. ಅವನ ಪುಸ್ತಕವೊಂದರಲ್ಲಿ ಬರುವ ಫಿಲೋ ಎಂಬ ಪಾತ್ರದ ಮಾತುಗಳು.

ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ನಮ್ಮ ತಿಳಿವಿಗೆಲ್ಲ ಅನುಭವವೇ ಮೂಲ ಎಂದು ನಂಬಿದವನು. ಧರ್ಮದ ಬಗ್ಗೆ ಅವನ ಮುಖ್ಯ ಪುಸ್ತಕ ‘ಡೈಲಾಗ್ಸ್ ಕನ್ಸರ್ನಿಂಗ್ ನ್ಯಾಚುರಲ್ ರಿಲಿಜನ್’ ಮೂವರು ಗೆಳೆಯರ ಮಾತುಕತೆಯ ರೂಪದಲ್ಲಿದೆ. ಕ್ಲಿಯಾಂತಿಸ್, ಡೆಮಿಯ, ಫಿಲೋ. ಅದನ್ನು ಕೇಳಿಸಿಕೊಂಡು ನಮಗೆ ವರದಿ ಮಾಡುವವನು ಪ್ಯಾಂಫಿಲಸ್ ಎಂಬ ಹುಡುಗ. ಸಾಯುವ ವರ್ಷದಲ್ಲೂ ಹ್ಯೂಮ್ ಇದನ್ನು ತಿದ್ದುತ್ತಿದ್ದ. ಅವನು ತೀರಿಕೊಂಡಿದ್ದು 1776ರಲ್ಲಿ, ಪುಸ್ತಕ ಅಚ್ಚಾಗಿದ್ದು 1779ರಲ್ಲಿ. ಅಚ್ಚು ಹಾಕಿಸುವ ಹೊಣೆ ಹೊರಲು ಪ್ರಾಣಸ್ನೇಹಿತ, ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಕೂಡ ಒಪ್ಪಲಿಲ್ಲ. ಕೊನೆಗೆ ಅಣ್ಣನ ಮಗ ಅದನ್ನು ಹೊರತಂದ.

ಇಷ್ಟು ಅಂಜಿಕೆ ಯಾಕೆ? ಅದೇ ಎಡಿನ್‌ಬರೋದಲ್ಲಿ 1697ರಲ್ಲಿ ಥಾಮಸ್ ಐಕನ್‌ಹೆಡ್ ಎಂಬ ವಿದ್ಯಾರ್ಥಿಯನ್ನು ದೇವನಿಂದೆಗಾಗಿ ನೇಣಿಗೆ ಹಾಕಿದ್ದರು. ಹ್ಯೂಮ್ ಕಾಲಕ್ಕೆ ನೇಣು ನಿಂತಿತ್ತು, ನಿಜ. ಆದರೆ ಧರ್ಮವಿರೋಧಿ ಎಂಬ ಹೆಸರು ಬಂದಿದ್ದರಿಂದ 1745ರಲ್ಲಿ ಅವನಿಗೆ ವಿಶ್ವವಿದ್ಯಾಲಯದ ಹುದ್ದೆ ತಪ್ಪಿತು. ಹಾಗಾಗಿ ಫಿಲೋ ಸುಮ್ನೆ ಒಂದು ಮುಖವಾಡ ಅನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಬುದ್ಧಿಗೆ ಖಚಿತವಾಗಿ ಎಟುಕದ ವಿಷಯಕ್ಕೆ ಮಾತುಕತೆಯ ರೂಪವೇ ಸರಿ ಎಂದು ಪುಸ್ತಕದ ಮೊದಲಲ್ಲೇ ಹೇಳಿದೆ. ಆ ಮಾತನ್ನು ನಾನು ನಂಬುತ್ತೇನೆ.

ಒಂದು ವಾದವನ್ನು ಹತ್ತಿರದಿಂದ ನೋಡೋಣ. ಮನೆ ಕಂಡರೆ ಕಟ್ಟಿದವನೊಬ್ಬ ಇರಬೇಕು ಅಂತೀವಿ, ಅಲ್ವಾ? ಜಗತ್ತು ಇಷ್ಟು ಅಚ್ಚುಕಟ್ಟಾಗಿದೆ, ಅದಕ್ಕೂ ಬುದ್ಧಿಯಿರುವ ಕರ್ತ ಇರಬೇಕು ಎನ್ನುತ್ತಾನೆ ಕ್ಲಿಯಾಂತಿಸ್. ಫಿಲೋ ತಡೆಯುತ್ತಾನೆ. ಮನೆ ಕಟ್ಟುವುದನ್ನು ನೂರು ಸಲ ನೋಡಿದ್ದೇವೆ, ಜಗತ್ತು ಹುಟ್ಟುವುದನ್ನು ಎಷ್ಟು ಸಲ ನೋಡಿದ್ದೇವೆ? ಬೀಜದಿಂದ ಮರ ಬರುತ್ತದೆ, ಮೊಟ್ಟೆಯಿಂದ ಹಕ್ಕಿ ಬರುತ್ತದೆ. ಅಲ್ಲೂ ಅಚ್ಚುಕಟ್ಟಿದೆ. ಅದರ ಹಿಂದೆ ಯೋಜನೆ ಹಾಕುವ ಮನಸ್ಸು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಏಳನೆಯ ಭಾಗದ ಈ ಜಾಗದಲ್ಲಿ ನಮ್ಮ ಮಕ್ಕಳು ತಲೆ ಎತ್ತುತ್ತಾರೆ. ಒಂದು ಮಹಾ ಜೇಡ ತನ್ನ ಹೊಟ್ಟೆಯಿಂದ ಈ ಜಗತ್ತನ್ನು ನೂತು, ಆಮೇಲೆ ಒಳಗೆ ಎಳೆದುಕೊಳ್ಳುತ್ತದೆ ಎಂದು ಬ್ರಾಹ್ಮಣರು ಹೇಳುತ್ತಾರೆ ಅಂತಾನೆ ಫಿಲೋ. ಮುಂಡಕ ಉಪನಿಷತ್ತಿನ ಊರ್ಣನಾಭಿ! ಅಲ್ಲಿ ಅದು ಬರೀ ಹೋಲಿಕೆ. ಜೇಡ ನೂಲು ಬಿಟ್ಟು ಎಳೆದುಕೊಳ್ಳುವಂತೆ, ನೆಲದಲ್ಲಿ ಗಿಡ ಹುಟ್ಟುವಂತೆ, ಮೈಮೇಲೆ ಕೂದಲು ಬರುವಂತೆ, ಅಕ್ಷರದಿಂದ, ಅಂದರೆ ನಾಶವಿಲ್ಲದ್ದರಿಂದ, ಜಗತ್ತು ಬರುತ್ತದೆ. ಫಿಲೋ ಹೋಲಿಕೆಯನ್ನು ಕತೆ ಮಾಡಿಬಿಟ್ಟಿದ್ದಾನೆ. ‘ನಮ್ಮನ್ನು ಗೇಲಿ ಮಾಡಿದ್ದಾನೆ ಸರ್’ ಎಂದು ಕ್ಲಾಸಿನಲ್ಲಿ ಕೆಲವರು ಮುನಿಸಿಕೊಳ್ಳುತ್ತಾರೆ. ಮುಂದಿನ ಸಾಲು ಓದಿ ಅಂತೀನಿ. ಜೇಡಗಳೇ ತುಂಬಿರುವ ಗ್ರಹವೊಂದಿದ್ದರೆ ಅಲ್ಲಿ ಈ ವಿವರಣೆಯೇ ಸಹಜವಾಗಿ ಕಾಣುತ್ತಿತ್ತು ಎನ್ನುತ್ತಾನೆ ಫಿಲೋ. ಈ ಏಟು ಬೀಳುವುದು ಕ್ಲಿಯಾಂತಿಸ್‌ಗೆ. ಜೇಡಕ್ಕೆ ಹೊಟ್ಟೆ ಹೇಗೋ ನಮಗೆ ಬುದ್ಧಿ ಹಾಗೆ. ನಮ್ಮಲ್ಲಿರುವುದನ್ನೇ ಜಗತ್ತಿಗೆಲ್ಲ ಅಳತೆಗೋಲು ಮಾಡಿಕೊಂಡಿದ್ದೇವೆ.

ಕಷ್ಟ ಬರುವುದು ಹನ್ನೆರಡನೆಯ ಭಾಗದಲ್ಲಿ. ಸಂಪ್ರದಾಯನಿಷ್ಠ ಡೆಮಿಯ ಬೇಸರಪಟ್ಟು ಎದ್ದು ಹೋಗಿರುತ್ತಾನೆ. ಆಗ ಫಿಲೋ, ಜಗತ್ತಿನ ವ್ಯವಸ್ಥೆಗೆ ಕಾರಣವಾದದ್ದು ಅಥವಾ ಕಾರಣವಾದವು ಬಹುಶಃ ಮನುಷ್ಯನ ಬುದ್ಧಿಯನ್ನು ಎಲ್ಲೋ ದೂರದಿಂದ ಹೋಲಬಹುದು ಎಂಬ ಮಾತಿಗೆ ಬಂದು ನಿಲ್ಲುತ್ತಾನೆ. ಹಾಗಾದರೆ ಸೋತನಾ? ಇಲ್ಲಿ ಒಂದೊಂದು ಪದವನ್ನೂ ನಿಧಾನಕ್ಕೆ ಓದಬೇಕು. ‘ಅಥವಾ’ ಎಂದರೆ ಕಾರಣ ಒಂದೇ ಇರಬೇಕಿಲ್ಲ. ‘ದೂರದಿಂದ’ ಎಂದರೆ ಎಷ್ಟು ದೂರ? ಸ್ವಲ್ಪ ಮೊದಲು ಅವನೇ ಹೇಳಿದ್ದ, ಕೊಳೆಯುತ್ತಿರುವ ಟರ್ನಿಪ್ ಗೆಡ್ಡೆಗೂ ಮನುಷ್ಯನ ಯೋಚನೆಗೂ ಎಲ್ಲೋ ಹೋಲಿಕೆ ಇದ್ದೀತು ಎಂದು. ಆ ಕಾರಣ ಒಳ್ಳೆಯದು ಎಂದು ಅವನು ಹೇಳಲಿಲ್ಲ. ನಾವು ಹೇಗೆ ಬಾಳಬೇಕು ಎಂಬುದೂ ಅದರಿಂದ ಹೊರಡುವುದಿಲ್ಲ.

ಹ್ಯೂಮ್‌ನ ಸ್ವಂತ ನಿಲುವಿಗೆ ಅತಿ ಹತ್ತಿರದ ಜಾಗ ಇದೇ ಎಂದು ನಾನು ಪಾಠ ಮಾಡುತ್ತೇನೆ. ಅನುಭವ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೋ ಅಲ್ಲಿಯವರೆಗೆ ಹೋಗಿ ನಿಲ್ಲುವುದು. ‘ಇದ್ದೇ ಇದ್ದಾನೆ’ ಎನ್ನಲು ಅದನ್ನು ದಾಟಬೇಕು. ‘ಇಲ್ಲವೇ ಇಲ್ಲ’ ಎನ್ನಲೂ ದಾಟಬೇಕು.

ಪುಸ್ತಕದ ಕೊನೆಯಲ್ಲಿ ಒಂದು ತೀರ್ಪಿದೆ. ಡೆಮಿಯನಿಗಿಂತ ಫಿಲೋನ ಮಾತು ಹೆಚ್ಚು ಸಂಭವ, ಆದರೆ ಸತ್ಯಕ್ಕೆ ಇನ್ನೂ ಹತ್ತಿರ ಇರುವುದು ಕ್ಲಿಯಾಂತಿಸ್‌ನ ಮಾತು ಅಂತ. ಹ್ಯೂಮ್ ಆಸ್ತಿಕ ಎಂದು ತೋರಿಸಲು ಕೆಲವರು ಇದನ್ನೇ ಎತ್ತಿ ಬರೆಯುತ್ತಾರೆ. ಅಲ್ಲೂ ನನ್ನ ಕೆಂಪು ಪೆನ್ನು ಅದೇ ಪ್ರಶ್ನೆ ಬರೆಯುತ್ತದೆ. ಹೋದ ಸಲ ಒಬ್ಬಳು ಹುಡುಗಿ ಪತ್ರಿಕೆಯನ್ನು ವಾಪಸ್ ತಂದು ಮೇಜಿನ ಮೇಲಿಟ್ಟಳು. ನನ್ನ ಪ್ರಶ್ನೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದಳು: ‘ಪ್ಯಾಂಫಿಲಸ್. ಕ್ಲಿಯಾಂತಿಸ್‌ನ ಸಾಕುಮಗ, ಅವನ ಶಿಷ್ಯ.’