ಜನತಾ ವಾಚಿಗೆ ಒಂದು ಬೊಟ್ಟು ತೆಂಗಿನೆಣ್ಣೆ

ಜನವರಿಯಲ್ಲಿ ಬದಿಯಡ್ಕದ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಕಾಸರಗೋಡಿನ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಎಚ್‌ಎಂಟಿ ಜನತಾ, ಅವರ ತಂದೆಯದ್ದು. ಬೆಳಿಗ್ಗೆ ಕೀ ಕೊಟ್ಟರೆ ಹಂದುವುದಿಲ್ಲ. ಕೈಗೆ ಕಟ್ಟಿಕೊಂಡು ತಿರುಗಿದರೆ ಹನ್ನೊಂದು ಗಂಟೆಗೆ ತಾನಾಗಿ ಹೊರಡುತ್ತದೆ. “ಇದಕ್ಕೂ ನನ್ನ ಹಾಗೆ ಪ್ರಾಯ ಆಯ್ತು ಕಾಣ್ತದೆ” ಅಂದರು.

ಮೊದಲೆಲ್ಲ ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿ ನೋಡುತ್ತಿದ್ದೆ. ಈಗ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇದೆ. ಹಿಂದಿನ ಮುಚ್ಚಳ ತೆಗೆದು ಅದರಡಿ ಇಟ್ಟೆ.

ಈ ವಾಚಿನ ಬ್ಯಾಲೆನ್ಸ್ ವೀಲ್ ಆಚೆಗೊಮ್ಮೆ ಈಚೆಗೊಮ್ಮೆ ತಿರುಗುತ್ತಾ ಸೆಕೆಂಡಿಗೆ 5 ಬೀಟ್, ಅಂದರೆ 5 ಟಿಕ್, ಕೊಡಬೇಕು. ಗಂಟೆಗೆ 18,000, ದಿನಕ್ಕೆ 4,32,000. ಗಲ್ಫಿನಿಂದ ಬರುವ ಸೀಕೊ 5 ಆದರೆ ಸೆಕೆಂಡಿಗೆ 6. ಇಷ್ಟೆಲ್ಲ ಓಟ ನಿಂತಿರುವುದು ಚಕ್ರದ ಅಚ್ಚಿನ ಎರಡು ತುದಿಗಳ ಮೇಲೆ. ತಲೆಕೂದಲಿಗಿಂತ ತುಸು ದಪ್ಪ ಇರಬಹುದು, ಅಷ್ಟೇ. ಕೀ ಕೊಟ್ಟಾಗ ಬಿಗಿಯಾಗುವ ಮೇನ್ ಸ್ಪ್ರಿಂಗಿನ ಬಲ ಒಂದೊಂದೇ ಚಕ್ರ ದಾಟಿ ಇಲ್ಲಿಗೆ ಮುಟ್ಟುವಾಗ ಉಳಿಯುವುದು ಒಂದು ಚೂರು. ಸ್ವಲ್ಪ ಅಂಟು ಇದ್ದರೂ ಸಾಕು, ಕೆಲಸ ನಿಂತಿತು.

ಡಯಲಿನ ಮೇಲೆ 17 ಜ್ಯುವೆಲ್ ಅಂತ ಬರೆದಿರುತ್ತದಲ್ಲ, ಅದು ವಾಚಿನೊಳಗಿನ ಕೆಂಪು ಕಲ್ಲುಗಳ ಲೆಕ್ಕ. ಹೆಚ್ಚಿನವು ಇರುವುದು ಚಕ್ರಗಳ ಇಂಥ ತುದಿಗಳು ತಿರುಗುವ ಜಾಗದಲ್ಲಿ. ರೂಬಿಯೇ, ಆದರೆ ಕಾರ್ಖಾನೆಯಲ್ಲಿ ಮಾಡಿದ್ದು. ಕಿತ್ತು ಮಾರುವ ಆಸೆ ಬೇಡ. ಒಂದು ಕಲ್ಲನ್ನು ದೊಡ್ಡದಾಗಿ ನೋಡಿದರೆ ನಡುವೆ ತೂತು, ತೂತಿನ ಸುತ್ತ ಬಟ್ಟಲಿನ ಹಾಗೆ ಒಂದು ಗುಳಿ. ನನಗೆ ಇಡೀ ವಾಚಿನಲ್ಲಿ ಜಾಸ್ತಿ ಇಷ್ಟವಾಗುವುದು ಈ ಗುಳಿಯೇ. ಎಣ್ಣೆಗೆ ಇಕ್ಕಟ್ಟಾದ ಜಾಗ ಹುಡುಕಿಕೊಂಡು ಹೋಗುವ ಗುಣ ಇದೆ. ಹದವಾಗಿ ಬಿಟ್ಟರೆ ಅದು ಗುಳಿಯ ತಳಕ್ಕಿಳಿದು ತುದಿಯ ಸುತ್ತ ಉಂಗುರದ ಹಾಗೆ ಕೂರುತ್ತದೆ. ವಾಚನ್ನು ಮಗುಚಿ ಹಾಕಿದರೂ ಜಾರುವುದಿಲ್ಲ. ಜಾಸ್ತಿ ಬಿಟ್ಟಿರೋ, ಗುಳಿಯ ಅಂಚು ದಾಟಿ ಪ್ಲೇಟಿನ ಮೇಲೆ ಹರಡುತ್ತದೆ. ಆಮೇಲೆ ಬಟ್ಟಲಲ್ಲಿದ್ದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಎಣ್ಣೆ ಜಾಸ್ತಿಯಾಗಿಯೇ ಒಣಗಿದ ಕಲ್ಲುಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಮಾಸ್ಟ್ರ ವಾಚಿನಲ್ಲಿ ಪ್ಲೇಟೆಲ್ಲ ಜಿಡ್ಡು. ಕಲ್ಲುಗಳ ಸುತ್ತ ಹಿತ್ತಾಳೆಯ ಮೇಲೆ ಹಸಿರು ಬಳೆ.

“ಇದಕ್ಕೆ ಏನು ಹಾಕಿದ್ದೀರಿ ಮಾಸ್ಟ್ರೇ?”

“ಏನಿಲ್ಲ ಮಾರಾಯಾ. ಒಂದು ಬೊಟ್ಟು ತೆಂಗಿನೆಣ್ಣೆ. ಮನೆಯದ್ದೇ, ಶುದ್ಧ.”

ಶುದ್ಧವೇ ಇರಬಹುದು. ಆದರೆ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಯ ಬೆಳಿಗ್ಗೆ ಬಾಟಲಿಯಿಂದ ಬೀಳದ ಎಣ್ಣೆ ವಾಚಿನೊಳಗೆ ಮಾತ್ರ ಹರಿಯುತ್ತದಾ? ಮೈಯ ಬಿಸಿಗೆ ಕರಗುವ ತನಕ ಚಕ್ರ ಅಲ್ಲೇ ಕಚ್ಚಿಕೊಂಡಿರುತ್ತದೆ. ಹಳಸಿದ ಮೇಲೆ ಆ ಎಣ್ಣೆಯಲ್ಲಿ ಹುಳಿ ಹುಟ್ಟಿ ಹಿತ್ತಾಳೆಯನ್ನು ತಿನ್ನುತ್ತದೆ. ಹಸಿರು ಬಂದದ್ದು ಅದರಿಂದ.

ಎಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಮರದ ಕಡ್ಡಿಯನ್ನು ಸೂಜಿಯಷ್ಟು ಚೂಪು ಮಾಡಿ ಕಲ್ಲಿನ ಒಂದೊಂದೇ ತೂತಿಗೆ ಹಾಕಿ ತಿರುಗಿಸಿದೆ. ಕಡ್ಡಿ ಬೆಳ್ಳಗೆ ಹೊರಬರುವ ತನಕ ಬಿಡಬಾರದು. ಆಮೇಲೆ ವಾಚಿನ ಎಣ್ಣೆ, ಗುಳಿಯ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ. ಬ್ಯಾಲೆನ್ಸ್ ವೀಲನ್ನು ತಳ್ಳುವ ಸಣ್ಣ ಕವಲು, ಪ್ಯಾಲೆಟ್ ಫೋರ್ಕ್, ಅದರ ಅಚ್ಚಿನ ತುದಿಗಳಿಗೆ ಮಾತ್ರ ನಾನು ಎಣ್ಣೆ ಮುಟ್ಟಿಸುವುದಿಲ್ಲ. ಅದು ಹಗುರ, ಅಲ್ಲಿ ಎಣ್ಣೆ ಬರೀ ತಡೆ.

ಒಂದೇ ಒಂದು ಪಾರ್ಟ್ ಬದಲಿಸಲಿಲ್ಲ. ನಮ್ಮ ಕರಾವಳಿಯ ವಾಚುಗಳಲ್ಲಿ ಹೆಚ್ಚಾಗಿ ಹಾಳಾಗುವುದು ಕೀ ತಿರುಗಿಸುವ ಕಡ್ಡಿ. ಬೆವರು, ಮಳೆನೀರು ಒಳಗೆ ಹೋಗುವುದು ಅಲ್ಲಿಂದಲೇ. ಇವರದ್ದರಲ್ಲಿ ಅದೂ ಚೆನ್ನಾಗಿತ್ತು.

ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಕೀ ಕೊಟ್ಟು ನೋಡಿ, ನಾಲ್ಕನೆಯ ದಿನ ಮಾಸ್ಟ್ರಿಗೆ ಕೊಟ್ಟೆ. ಕಿವಿಗೆ ಹಿಡಿದು ಕೇಳಿದರು, ಹಣ ಕೊಟ್ಟರು, ಮೆಟ್ಟಿಲಿಳಿದರು. ಮತ್ತೆ ತಿರುಗಿ ನಿಂತರು.

“ಅಲ್ಲ ಮಾರಾಯಾ, ಮನೆಯ ಗೋಡೆ ಗಡಿಯಾರಕ್ಕೆ ಹಾಕಿದ್ದಕ್ಕೆ ಏನೂ ಆಗ್ಲಿಕ್ಕಿಲ್ಲ ಅಲ್ವಾ?”